ಮನೆಯೊಳಗೊಂದು ಹಳ್ಳ

ಸಂಘದ ಕಛೇರಿಗೆ ಬರುವ ಸದಸ್ಯ ಬಾಂಧವರು ಗೊಬ್ಬರದ ಇಂಡೆಂಟು, ಸಾಲದ ಕಂತು, ಅಡಿಕೆಯ ಧಾರಣೆ ಇವೆಲ್ಲವನ್ನೂ ಮಾತನಾಡಿ ಮುಗಿಸಿದ ಮೇಲೆ, ಕೊಡೆ ಬಿಚ್ಚುತ್ತಾ, "ನಿಮ್ಮ ಮೀನುಗಳು ಹೇಗಿವೆ ಸ್ವಾಮಿ?" ಎಂದು ಕೇಳುವುದು ಈಚೆಗೆ ವಾಡಿಕೆಯಾಗಿದೆ. ಕೇಳುವ ಧ್ವನಿಯಲ್ಲಿ ಸ್ವಲ್ಪ ಕುತೂಹಲವೂ ಸ್ವಲ್ಪ ಹಾಸ್ಯವೂ ಇರುತ್ತದೆ. ಐವತ್ತು ದಾಟಿದ ಬೆಳೆಗಾರನೊಬ್ಬ ಸಂಜೆಯ ಹೊತ್ತು ಗಾಜಿನ ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕುಳಿತರೆ ನೋಡಿದವರಿಗೆ ನಗು ಬಾರದೆ ಇದ್ದೀತೇ? ಆದರೆ ಈ ತೊಟ್ಟಿ ನನಗೆ ಕಲಿಸಿದ ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೋಟಕ್ಕೆ ಸಂಬಂಧಪಟ್ಟವು. ಅವುಗಳಲ್ಲಿ ಒಂದನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ ಸಮೀಪಿಸುತ್ತಿರುವುದರಿಂದ ಅದನ್ನು ಈಗಲೇ ಎಲ್ಲರ ಮುಂದೆ ಇಡುವುದು ಒಳ್ಳೆಯದೆಂದು ತೋರಿತು.

ಹಿನ್ನೆಲೆ

ಮೀನಿನ ಮೇಲಿನ ಪ್ರೀತಿ ನಮ್ಮ ಕಡೆಯವರಿಗೆ ಹೊಸದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚದೆ ಬಂದವರು ನಮ್ಮಲ್ಲಿ ಕಡಮೆ. ಶಿಶಿಲದ ಕಪಿಲೆಯಲ್ಲಿಯೂ ದೇವರ ಮೀನುಗಳಿವೆ. ಬಾವಿಗೆ ನಾಲ್ಕು ಮೀನು ಬಿಟ್ಟು ನೀರು ಶುಚಿಯಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದುದೂ ಹಳೆಯ ಪದ್ಧತಿಯೇ. ಆದರೆ ಗಾಜಿನೊಳಗೆ ಮೀನನ್ನೂ ಗಿಡವನ್ನೂ ಒಟ್ಟಿಗೆ ಬೆಳೆಸಿ, ಒಂದಕ್ಕೊಂದು ಆಸರೆಯಾಗುವಂತೆ ಮಾಡುವ ವಿದ್ಯೆ ಸುಮಾರು 170 ವರ್ಷದ್ದು.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬವರು ಗಾಜಿನ ಪಾತ್ರೆಯೊಂದರಲ್ಲಿ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಹುಲ್ಲನ್ನೂ ಇಟ್ಟು ನೋಡಿದರು. ಮೊದಮೊದಲು ಎಲ್ಲ ಸರಿಯಿತ್ತು. ಬಳಿಕ ಉದುರಿದ ಎಲೆ ಕೊಳೆತು ನೀರು ಲೋಳೆಯಾಯಿತು. ಆಗ ಅವರು ಕೆಲವು ಕೊಳದ ಬಸವನಹುಳುಗಳನ್ನು ಬಿಟ್ಟರು. ಹುಳು ಕೊಳೆತದ್ದನ್ನು ತಿಂದಿತು, ನೀರು ತಿಳಿಯಾಯಿತು. ಮೀನು, ಗಿಡ, ಹುಳು ಈ ಮೂರೂ ಸೇರಿದರೆ ನೀರು ತಾನಾಗಿ ಸಮತೋಲಕ್ಕೆ ಬರುತ್ತದೆ ಎಂದು ಅವರು 1850ರಲ್ಲಿ ಪ್ರಕಟಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು.

ಇದಕ್ಕೂ ಮುಂಚೆ ಅದೇ ಊರಿನ ವೈದ್ಯ ನಥಾನಿಯಲ್ ವಾರ್ಡ್ ಎಂಬವರು ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳು ತಿಂಗಳುಗಟ್ಟಲೆ ಬದುಕುವುದನ್ನು ಕಂಡುಕೊಂಡಿದ್ದರು. ಚೀನಾದಿಂದ ಚಹಾ ಸಸಿಗಳು ಭಾರತಕ್ಕೆ ಬಂದದ್ದೂ, 1876ರಲ್ಲಿ ಕ್ಯೂ ಉದ್ಯಾನದಿಂದ ರಬ್ಬರ್ ಸಸಿಗಳು ಸಿಲೋನಿಗೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲಿಯೇ. ಹೀಗಾಗಿ ಗಾಜಿನ ಪೆಟ್ಟಿಗೆಗೂ ತೋಟಗಾರನಿಗೂ ನಂಟು ಹಳೆಯದು ಎನ್ನಬಹುದು.

ಈ ವಿದ್ಯೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಜಪಾನಿನ ತಕಾಶಿ ಅಮಾನೊ. 1954ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಅಮಾನೊ ಭತ್ತದ ಸೀಮೆಯಾದ ನಿಗಾತದವರು. ಮೊದಲು ವೃತ್ತಿಪರ ಸೈಕಲ್ ಸವಾರರಾಗಿದ್ದವರು. 1982ರಲ್ಲಿ ಸ್ವಂತ ಸಂಸ್ಥೆ ಕಟ್ಟಿ, ಕಾಡು, ಬೆಟ್ಟ, ಹೊಳೆದಂಡೆಗಳ ನೋಟವನ್ನು ನೀರಿನೊಳಗಿನ ಗಿಡಗಳಿಂದಲೇ ಮೂಡಿಸುವ ಶೈಲಿಯನ್ನು ಬಳಕೆಗೆ ತಂದರು. ಲಿಸ್ಬನ್ ನಗರದ ಮತ್ಸ್ಯಾಗಾರದಲ್ಲಿ 2015ರಲ್ಲಿ ಅವರು ರಚಿಸಿದ ತೊಟ್ಟಿ 40 ಮೀಟರ್ ಉದ್ದ, 1,60,000 ಲೀಟರಿನದು. ನಮಗೆ ಹೆಚ್ಚು ಸ್ವಾರಸ್ಯವೆನಿಸುವುದು ಅವರ ಸ್ವಂತ ಮನೆಯ ತೊಟ್ಟಿ: 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ. ಕಂಠಮಟ್ಟ ತುಂಬಿದರೆ 9,000 ಲೀಟರ್! ಅದರ ಚಿತ್ರ ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. ನನ್ನ ತೊಟ್ಟಿ ಅದರ ಆರನೆಯ ಒಂದು ಪಾಲೂ ಇಲ್ಲ. ಆದರೂ ನಮ್ಮ ಮನೆಗಳ ಅಳತೆಗೆ ಅದು ದೊಡ್ಡದೇ.

ತೂಕದ ಲೆಕ್ಕ

ನನ್ನ ತೊಟ್ಟಿ 8 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ. ಅಂದರೆ 50 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿನ ಮೇಲೆ ನೀರು ಹಿಡಿಯುತ್ತದೆ. ಮೇಲೆ ಬಿಟ್ಟ ಜಾಗ, ಕೆಳಗಿನ ಮರಳು ಕಳೆದರೆ ಉಳಿಯುವ ನೀರು ಸುಮಾರು 1,200 ಲೀಟರ್. ಗಾಜು 19 ಮಿಲಿಮೀಟರ್ ದಪ್ಪದ್ದು, ಅದೇ 300 ಕಿಲೋ ದಾಟುತ್ತದೆ. ಮರಳು, ಕಲ್ಲು, ಕಬ್ಬಿಣದ ಪೀಠ ಎಲ್ಲ ಸೇರಿದರೆ ಹತ್ತಿರ ಹತ್ತಿರ 2 ಟನ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 50 ಕಿಲೋ ತೂಗುವ 40 ಮೂಟೆ ಕಾಫಿಯನ್ನು ಒಂದು ಮಂಚದಷ್ಟು ಜಾಗದಲ್ಲಿ ಪೇರಿಸಿ, ಹತ್ತಾರು ವರ್ಷ ಹಾಗೆಯೇ ಬಿಟ್ಟಂತೆ.

ಆದ್ದರಿಂದ ಇಂಥದ್ದನ್ನು ಉಪ್ಪರಿಗೆಯಲ್ಲಿ, ಅದರಲ್ಲೂ ಮರದ ತೊಲೆಯ ಮೇಲಿನ ಹಲಗೆ ನೆಲದಲ್ಲಿ, ಇಡುವ ಯೋಚನೆಯನ್ನೇ ಮಾಡಬಾರದು. ಕೆಳಗಿನ ಜಗಲಿಯ ಕೆಂಪು ಕಾವಿ ನೆಲವೂ ನಂಬಲರ್ಹವಲ್ಲ, ಏಕೆಂದರೆ ಅದರಡಿ ಇರುವುದು ಬಡಿದು ಗಟ್ಟಿ ಮಾಡಿದ ಮಣ್ಣು. ನಾನು ಆ ಜಾಗದ ನೆಲ ಅಗೆಸಿ, 6 ಅಂಗುಲ ಕಾಂಕ್ರೀಟು ಹಾಕಿಸಿ, 21 ದಿನ ನೀರುಣಿಸಿ, ಆಮೇಲೆ ಪೀಠ ನಿಲ್ಲಿಸಿದೆ. ಪೀಠಕ್ಕೂ ಗಾಜಿಗೂ ನಡುವೆ ಒಂದು ಅಂಗುಲದ ಥರ್ಮೊಕೋಲ್ ಹಾಳೆ ಇಟ್ಟರೆ ಸಣ್ಣಪುಟ್ಟ ಉಬ್ಬು ತಗ್ಗು ಗಾಜನ್ನು ಸೀಳುವುದಿಲ್ಲ.

ಗಾಜಿನ ದಪ್ಪವನ್ನು ನಿರ್ಧರಿಸುವುದು ಮುಖ್ಯವಾಗಿ ನೀರಿನ ಎತ್ತರ. ತೋಟದ ಹಳ್ಳಕ್ಕೆ ಕಟ್ಟ ಕಟ್ಟುವವರಿಗೆ ಇದು ಗೊತ್ತಿರುವ ವಿಷಯ: ಹಿಂದೆ ಎಷ್ಟು ದೂರ ನೀರು ನಿಂತಿದೆ ಎಂಬುದು ಲೆಕ್ಕಕ್ಕಿಲ್ಲ, ಎಷ್ಟು ಎತ್ತರ ನಿಂತಿದೆ ಎಂಬುದೇ ಲೆಕ್ಕ. ಎತ್ತರ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು. ನನ್ನ ತೊಟ್ಟಿಯ ಮುಂದಿನ ಗಾಜನ್ನು ನೀರು ಸುಮಾರು 600 ಕಿಲೋ ಭಾರದಷ್ಟು ಬಲದಿಂದ ಹಗಲೂ ರಾತ್ರಿ ಹೊರಕ್ಕೆ ತಳ್ಳುತ್ತಿದೆ. ಇಲ್ಲಿ ಕಾಸು ಉಳಿಸಲು ಹೋಗುವುದು ಬೇಡ.

ನೀರು ಹದವಾಗುವ ಬಗೆ

ತೊಟ್ಟಿ ತುಂಬಿದ ದಿನವೇ ಮೀನು ಬಿಡುವವರು ಮೊದಲ ತಿಂಗಳಲ್ಲೇ ನಿರಾಶರಾಗುತ್ತಾರೆ. ಮೀನಿನ ಮಲ, ಉಳಿದ ತಿಂಡಿ, ಕೊಳೆತ ಎಲೆ ಇವುಗಳಿಂದ ಅಮೋನಿಯ ಹುಟ್ಟುತ್ತದೆ. ಅಮೋನಿಯ ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಅಪಾಯಕರವಲ್ಲ, ಮೇಲಾಗಿ ಗಿಡಕ್ಕೆ ಆಹಾರ. ಈ ಜೀವಿಗಳು ಗಾಳಿಯಿಂದ ಹಾರಿಬಂದು ಮರಳಿನಲ್ಲೂ ಶೋಧಕದ ಸ್ಪಂಜಿನಲ್ಲೂ ನೆಲೆಯೂರಲು 4ರಿಂದ 6 ವಾರ ಬೇಕು.

ನಾವು ತೋಟಕ್ಕೆ ಯೂರಿಯಾ ಹಾಕಿದಾಗ ಮಣ್ಣಿನಲ್ಲಿ ನಡೆಯುವುದೂ ಇದೇ ಕ್ರಿಯೆ. 1890ರ ಹೊತ್ತಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ್ದು ಮಣ್ಣಿನಿಂದಲೇ. ಇದರಿಂದ ಮಣ್ಣು ಹುಳಿಯಾಗುತ್ತದೆ, ನಾವು ಸುಣ್ಣ ಹಾಕುತ್ತೇವೆ. ತೊಟ್ಟಿಯ ನೀರೂ ಹಾಗೆಯೇ ನಿಧಾನವಾಗಿ ಹುಳಿಯಾಗುತ್ತದೆ. ಮಲೆನಾಡಿನ ಅಬ್ಬಿ ನೀರು ಬಹಳ ಮೆದು, ಅದರಲ್ಲಿ ಸುಣ್ಣದ ಅಂಶ ಅತ್ಯಲ್ಪ. ಹುಳಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಒಂದು ಹಿಡಿ ಕಪ್ಪೆಚಿಪ್ಪನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಶೋಧಕದಲ್ಲಿಟ್ಟರೆ ಸಾಕು, ಅದೇ ನಮ್ಮ ತೊಟ್ಟಿಗೆ ಸುಣ್ಣ ಹಾಕಿದಂತೆ. ಮೆದು ನೀರಿನ ಈ ಗುಣವನ್ನು ಓದುಗರು ನೆನಪಿಡಬೇಕು, ಮುಂದೆ ಮತ್ತೆ ಪ್ರಸ್ತಾಪಕ್ಕೆ ಬರುತ್ತದೆ.

ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರು ತೆಗೆದು ಹೊಸ ನೀರು ಹಾಕಬೇಕು. ಹಾಗೆ ತೆಗೆದ 300 ಲೀಟರ್ ನೀರು ಕಾಫಿ ಪಾತಿಗೆ ಹೋಗುತ್ತದೆ. ಸಸಿಗಳು ಬಲು ಚೆನ್ನಾಗಿ ಬರುತ್ತವೆ ಎಂಬುದನ್ನು ನಮ್ಮ ಮನೆಯವರೂ ಒಪ್ಪುತ್ತಾರೆ. ತೊಟ್ಟಿಯ ಬಗ್ಗೆ ಅವರು ಒಪ್ಪಿಕೊಂಡ ಏಕೈಕ ಪ್ರಯೋಜನ ಇದು.

ನೆರಳು, ಗೊಬ್ಬರ, ಅನಿಲ

ಗಿಡ ಬೆಳೆಸುವುದರಲ್ಲಿ ಕಾಫಿ ಬೆಳೆಗಾರನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಹೇಳಬೇಕಾಯಿತು. ಮೊದಲ ವರ್ಷ ನಾನು ಬೆಳಕನ್ನು ದಿನಕ್ಕೆ 12 ಗಂಟೆ ಉರಿಸಿದೆ. ಮೂರು ವಾರದಲ್ಲಿ ಗಾಜು, ಕಲ್ಲು, ಎಲೆ ಎಲ್ಲವೂ ಹಸುರು ಪಾಚಿ. ನೆರಳು ಪೂರ್ತಿ ತೆಗೆದ ಕಾಫಿ ತೋಟದಲ್ಲಿ ಕಳೆ ಎದ್ದಂತೆ. ಗಿಡಕ್ಕೆ ಬೇರೆ ಆಹಾರ ಇಲ್ಲದೆ ಬೆಳಕು ಮಾತ್ರ ಹೆಚ್ಚಾದರೆ ಲಾಭ ಪಾಚಿಗೆ. ಈಗ 8 ಗಂಟೆಗಿಂತ ಹೆಚ್ಚು ಉರಿಸುವುದಿಲ್ಲ.

ಜರ್ಮನಿಯ ಲೀಬಿಗ್ ಹೇಳಿದ ಕನಿಷ್ಠ ಪೋಷಕಾಂಶದ ನಿಯಮ ನಮ್ಮಲ್ಲಿ ಹಲವರಿಗೆ ಗೊತ್ತು. ಯಾವ ಅಂಶ ಎಲ್ಲಕ್ಕಿಂತ ಕೊರತೆಯಲ್ಲಿದೆಯೋ ಅದೇ ಬೆಳೆಯನ್ನು ಹಿಡಿದು ನಿಲ್ಲಿಸುತ್ತದೆ. ಸತುವಿನ ಕೊರತೆಯಿರುವ ಕಾಫಿಗೆ ಎಷ್ಟು ಯೂರಿಯಾ ಕೊಟ್ಟರೂ ಎಲೆ ಸಣ್ಣದಾಗಿಯೇ ಉಳಿಯುತ್ತದಲ್ಲ, ಹಾಗೆ. ನೀರಿನೊಳಗೆ ಸಾಮಾನ್ಯವಾಗಿ ಕೊರತೆ ಬೀಳುವುದು ಇಂಗಾಲಾಮ್ಲ. ಗಾಳಿಗೆ ತೆರೆದ ನೀರಿನಲ್ಲಿ ಅದು ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು ಮಾತ್ರ ಇರುತ್ತದೆ. ಸೋಡಾ ತಯಾರಿಸುವ ಅನಿಲದ ಸಿಲಿಂಡರಿನಿಂದ ಸಣ್ಣ ಗುಳ್ಳೆಗಳಾಗಿ ಬಿಟ್ಟು ಅದನ್ನು 20-30 ಮಿಲಿಗ್ರಾಂಗೆ ಏರಿಸಿದರೆ, ಸೊರಗಿದ ಗಿಡಗಳು ಎರಡೇ ವಾರದಲ್ಲಿ ಚಿಗುರುತ್ತವೆ. ಮಧ್ಯಾಹ್ನದ ಹೊತ್ತಿಗೆ ಎಲೆಯ ತುದಿಯಿಂದ ಆಮ್ಲಜನಕದ ಮಣಿಗಳು ಸಾಲಾಗಿ ಮೇಲೇರುವುದನ್ನು ನೋಡುವುದೇ ಒಂದು ಸೊಗಸು. ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಎಂದು ಬಾಯಿಪಾಠ ಮಾಡಿದ್ದನ್ನು ನಾನು ಕಣ್ಣಾರೆ ಕಂಡದ್ದು ಐವತ್ತರ ಮೇಲೆ.

ಆದರೆ ರಾತ್ರಿ ಗಿಡಗಳೂ ಉಸಿರಾಡುತ್ತವೆ, ಆಮ್ಲಜನಕವನ್ನು ಬಳಸುತ್ತವೆ. ಆದ್ದರಿಂದ ದೀಪ ಆರುವ ಒಂದು ಗಂಟೆ ಮೊದಲೇ ಅನಿಲದ ಬಿರಡೆ ಮುಚ್ಚಬೇಕು. ಮರೆತರೆ ಬೆಳಗ್ಗೆ ಮೀನುಗಳು ನೀರಿನ ಮೇಲ್ಗಡೆ ಬಾಯಿ ಬಿಡುತ್ತಿರುತ್ತವೆ.

ಇನ್ನು ಗೊಬ್ಬರ. ನಮ್ಮ ಕೈ ಗೊಬ್ಬರ ಹಾಕಲು ತುರಿಸುತ್ತಿರುತ್ತದೆ. ಕೊಟ್ಟಿಗೆ ಗೊಬ್ಬರವನ್ನಾಗಲಿ ಯೂರಿಯಾವನ್ನಾಗಲಿ ತೊಟ್ಟಿಗೆ ಹಾಕಬೇಡಿ, ಅದು ನೇರ ಅಮೋನಿಯ. ಪೊಟ್ಯಾಷ್ ಕೊರತೆಯಾದರೆ ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ. ಕಬ್ಬಿಣ ಕೊರತೆಯಾದರೆ ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ತೋಟದಲ್ಲಿ ಎಲೆ ನೋಡಿ ರೋಗ ಹೇಳಬಲ್ಲವರು ಇಲ್ಲಿಯೂ ಹೇಳಬಲ್ಲರು. ಪ್ರಮಾಣ ಮಾತ್ರ ಕಿಲೋ ಅಲ್ಲ, ಗ್ರಾಂ.

ಗಿಡಗಳ ಆಯ್ಕೆಯಲ್ಲಿ ನನಗೆ ಸಂತೋಷ ಕೊಟ್ಟ ಸಂಗತಿಯೆಂದರೆ, ದೂರದೇಶದ ಹವ್ಯಾಸಿಗಳು ಬೆಲೆ ಕೊಟ್ಟು ಕೊಳ್ಳುವ ಎಷ್ಟೋ ಜಾತಿಗಳು ನಮ್ಮ ಸೀಮೆಯವೇ. ಕ್ರಿಪ್ಟೊಕೊರೈನ್, ಲಾಗೆನಾಂಡ್ರ ಇವು ನಮ್ಮ ಕೆಸುವಿನ ಬಳಗದ ಗಿಡಗಳು. ಪಶ್ಚಿಮ ಘಟ್ಟದ ಹಳ್ಳದಂಡೆಯಲ್ಲೂ ಭತ್ತದ ಗದ್ದೆಯಲ್ಲೂ ಇವುಗಳ ಜಾತಿಗಳಿವೆ. ರೋಟಾಲ ಮ್ಯಾಕ್ರಾಂಡ್ರ ಎಂಬ ಕೆಂಪೆಲೆಯ ಗಿಡದ ಮೂಲವೂ ನಮ್ಮ ಘಟ್ಟವೇ. ಕ್ರಿಪ್ಟೊಕೊರೈನ್ ಗಿಡವನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಟ್ಟರೆ ಎಲೆಯೆಲ್ಲ ಕರಗಿ ಹೋಗುತ್ತದೆ. ಸತ್ತಿತೆಂದು ಕಿತ್ತೆಸೆಯಬಾರದು. ಬೇರು ಬದುಕಿರುತ್ತದೆ, ತಿಂಗಳಲ್ಲಿ ಹೊಸ ಎಲೆ ಬರುತ್ತದೆ. ನಾನು ನಾಲ್ಕು ಬುಡ ಎಸೆದ ಮೇಲೆ ಇದನ್ನು ತಿಳಿದೆ.

ತೊಟ್ಟಿಯ ನಡುವೆ ಮೊರಡು ಬೇಕೆಂದರೆ ಹಳೆಯ ರೊಬಸ್ಟಾ ಬುಡ ಬಹಳ ಒಪ್ಪುತ್ತದೆ. ತಿಂಗಳುಗಟ್ಟಲೆ ನೀರಿನಲ್ಲಿ ನೆನೆಸಿ ಬಣ್ಣ ಬಿಡಿಸಬೇಕು. ಕಾಂಡಕೊರಕಕ್ಕೆ ಔಷಧಿ ಬಳಿದ ಬುಡ ಮಾತ್ರ ಬೇಡ. ಕಲ್ಲು ಇಡುವ ಮೊದಲು ನಿಂಬೆರಸ ಹಾಕಿ ನೋಡಿ, ನೊರೆ ಬಂದರೆ ಅದು ಸುಣ್ಣಕಲ್ಲು, ಬಿಟ್ಟುಬಿಡಿ.

ಮಳೆಗಾಲದ ಪರೀಕ್ಷೆ

ನಮ್ಮ ಸೀಮೆಯಲ್ಲಿ ಮಳೆಗಾಲದ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟು ಇಲ್ಲದಿರುವುದು ವಿಶೇಷವಲ್ಲ. ದೀಪವಿಲ್ಲದೆ ಗಿಡ ಮೂರು ದಿನ ತಡೆಯುತ್ತದೆ, ತಿಂಡಿಯಿಲ್ಲದೆ ಮೀನು ವಾರ ತಡೆಯುತ್ತದೆ. ಆದರೆ ನೀರು ಹರಿಯದೆ ನಿಂತರೆ ಶೋಧಕದೊಳಗಿನ ಬ್ಯಾಕ್ಟೀರಿಯ ಕೆಲವು ಗಂಟೆಗಳಲ್ಲೇ ಆಮ್ಲಜನಕವಿಲ್ಲದೆ ಸಾಯತೊಡಗುತ್ತವೆ. ಆದ್ದರಿಂದ ಇನ್ವರ್ಟರಿನಿಂದ ಮೊದಲ ಸಂಪರ್ಕ ಶೋಧಕದ ಮೋಟರಿಗೆ, ಆಮೇಲೆ ಟೀವಿಗೆ. ಈ ಸರದಿಯನ್ನು ಮನೆಯಲ್ಲಿ ಜಾರಿಗೆ ತರುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ.

ಒಂದು ಪೈಪು

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

ಮೂರು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ ಎರಡು ದಿನ ಹೊಳವಾಯಿತು. ಆ ಸಂದಿನಲ್ಲೇ ಅಡಿಕೆಗೆ ಎರಡನೆಯ ಸಲದ ಬೋರ್ಡೋ ಹೊಡೆಸಿದೆ. ಡ್ರಮ್ಮನ್ನು ಅಂಗಳದ ಕಟ್ಟೆಯ ಮೇಲಿಟ್ಟು, ಮನೆಯ ಪೈಪಿನಿಂದಲೇ ದ್ರಾವಣವನ್ನು ಕೆಳಗಿನ ಪಂಪಿಗೆ ಇಳಿಸಿಕೊಂಡರು. ಸಂಜೆ ಪೈಪಿನ ಹೊರಮೈಯನ್ನು ತೊಳೆದು ಸುತ್ತಿಟ್ಟರು. ಮರುದಿನ ಬೆಳಗ್ಗೆ ತೊಟ್ಟಿಯ ನೀರು ಬದಲಿಸುವ ದಿನ. ಅದೇ ಪೈಪನ್ನು ಅಬ್ಬಿ ನೀರಿನ ನಲ್ಲಿಗೆ ಸಿಕ್ಕಿಸಿ ತೊಟ್ಟಿಗೆ ಬಿಟ್ಟು, ನಾನು ಸಂಘದ ಕೆಲಸಕ್ಕೆ ಹೊರಟೆ.

ಮಧ್ಯಾಹ್ನ ಬಂದು ನೋಡುವಾಗ ಸೀಗಡಿಗಳು ಹುಚ್ಚು ಹಿಡಿದಂತೆ ತೊಟ್ಟಿಯ ಉದ್ದಕ್ಕೂ ಈಜುತ್ತಿದ್ದವು. ಅವು ಸಾಮಾನ್ಯವಾಗಿ ಎಲೆಯ ಮೇಲೆ ಕುಳಿತು ಪಾಚಿ ಹೆರೆಯುವ ಜೀವಿಗಳು. ಸಂಜೆಗೆ ನೂರಕ್ಕೆ ನೂರೂ ಬೆನ್ನಡಿಯಾಗಿ ಬಿದ್ದಿದ್ದವು. ಬಸವನಹುಳುಗಳು ಚಿಪ್ಪಿನೊಳಗೆ ಸೇರಿ ಗಾಜಿನಿಂದ ಕಳಚಿಕೊಂಡವು. ರಾತ್ರಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಉಸಿರಿನ ಕೊರತೆಯೆಂದು ತಿಳಿದು ನಾನು ಅನಿಲ ನಿಲ್ಲಿಸಿ, ಗಾಳಿ ಪಂಪು ಹಚ್ಚಿ, ಎರಡು ಗಂಟೆಯವರೆಗೆ ಎಚ್ಚರವಿದ್ದೆ. ನೀರಿನಲ್ಲಿ ಆಮ್ಲಜನಕ ಬೇಕಾದಷ್ಟಿತ್ತು. ಅದನ್ನು ಹೀರುವ ಕಿವಿರುಗಳನ್ನೇ ತಾಮ್ರ ಸುಟ್ಟಿತ್ತು ಎಂಬುದು ನನಗೆ ತಿಳಿಯಲಿಲ್ಲ.

ಬೆಳಗ್ಗೆ ಕೆಲಸಕ್ಕೆ ಬಂದ ಆಳು, ಸತ್ತ ಮೀನುಗಳ ಬುಟ್ಟಿ ನೋಡಿ, "ಮೊನ್ನೆ ಆ ಪೈಪಿನಲ್ಲೇ ಮೈಲುತುತ್ತ ಇಳಿಸಿದ್ದಲ್ಲವಾ ಅಯ್ಯಾ?" ಎಂದ. ಆಗ ಲೆಕ್ಕ ಹಾಕಿದೆ. ಒಂದು ಶೇಕಡಾ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಅಂದರೆ ಲೀಟರಿಗೆ 10 ಗ್ರಾಂ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಹಾಗಾಗಿ ಲೀಟರಿಗೆ ಎರಡೂವರೆ ಗ್ರಾಂ ತಾಮ್ರ. 50 ಅಡಿಯ ಮುಕ್ಕಾಲು ಅಂಗುಲದ ಪೈಪಿನೊಳಗೆ ನಾಲ್ಕು ಲೀಟರಿಗೂ ಮಿಕ್ಕಿ ದ್ರಾವಣ ಹಿಡಿಯುತ್ತದೆ. ಅದರಲ್ಲಿ ಅರ್ಧ ಲೀಟರ್ ಮಾತ್ರ ಉಳಿದಿತ್ತೆಂದು ಇಟ್ಟುಕೊಂಡರೂ, 1,200 ಲೀಟರ್ ನೀರಿಗೆ ಲೀಟರೊಂದಕ್ಕೆ ಒಂದು ಮಿಲಿಗ್ರಾಂ ತಾಮ್ರ ಬಂತು. ಕಣ್ಣಿಗೆ ನೀಲಿ ಕಾಣುವುದಿಲ್ಲ, ಮೂಗಿಗೆ ವಾಸನೆಯಿಲ್ಲ. ಗಡಸು ನೀರಿನಲ್ಲಾದರೆ ಸುಣ್ಣದ ಅಂಶ ತಾಮ್ರದ ವಿಷವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ನಮ್ಮ ಮೆದು ನೀರಿನಲ್ಲಿ ಆ ರಕ್ಷಣೆಯೂ ಇಲ್ಲ.

ಮೂರನೆಯ ದಿನಕ್ಕೆ 60 ಟೆಟ್ರಾ ಮೀನುಗಳಲ್ಲಿ 9 ಉಳಿದಿದ್ದವು, 20 ಮಲಬಾರ್ ಡೇನಿಯೊಗಳಲ್ಲಿ 4. ಬಾವಿ ನೀರಿನ ಬಕೀಟಿಗೆ ಮೊದಲ ರಾತ್ರಿಯೇ ಎತ್ತಿ ಹಾಕಿದ್ದರೆ ಇನ್ನಷ್ಟು ಉಳಿಯುತ್ತಿದ್ದವು. ವ್ಯಾಲಿಸ್ನೇರಿಯ ಕರಗಿಹೋಯಿತು. ನೀರು ಮತ್ತೆ ಮತ್ತೆ ಬದಲಿಸಿದೆ, ಇದ್ದಿಲು ಹಾಕಿದೆ. ಆದರೂ ತಿಂಗಳ ಮೇಲೆ ಬಿಟ್ಟ ಹೊಸ ಸೀಗಡಿಗಳು ವಾರದಲ್ಲಿ ಸತ್ತವು. ಮರಳಿನಡಿಯ ಮಣ್ಣು ತಾಮ್ರವನ್ನು ಹಿಡಿದಿಟ್ಟುಕೊಂಡಿತ್ತು. ಕೊನೆಗೆ ಎಲ್ಲವನ್ನೂ ತೆಗೆದು ಮೊದಲಿನಿಂದ ಆರಂಭಿಸಬೇಕಾಯಿತು. ಆಳಿನ ತಪ್ಪು ಇದರಲ್ಲಿ ಏನೂ ಇಲ್ಲ. ಔಷಧಿಗೂ ಮನೆಗೂ ಒಂದೇ ಪೈಪು ಇಟ್ಟುಕೊಂಡವನು ನಾನು. ಅದೇ ಪೈಪಿನಿಂದ ಅಡಿಗೆಮನೆಯ ಹಂಡೆಗೂ ನೀರು ತುಂಬುತ್ತಿದ್ದೆವು ಎಂಬುದು ನೆನಪಾದಾಗ ಮೈ ನಡುಗಿತು.

ಹಳ್ಳದ ಲೆಕ್ಕ

ಮೀನು ಸತ್ತದ್ದು ನನ್ನ ಸ್ವಂತ ನಷ್ಟ, ಅದನ್ನು ಸಂಘದ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಆದರೆ ಆ ಲೆಕ್ಕ ನನ್ನನ್ನು ಬಿಡಲಿಲ್ಲ. ನಾವು ಔಷಧಿ ಹೊಡೆದ ಸಂಜೆ ಡ್ರಮ್ಮು, ಪಂಪು, ಪೈಪುಗಳನ್ನು ಎಲ್ಲಿ ತೊಳೆಯುತ್ತೇವೆ? ಹಳ್ಳದಲ್ಲಿ. ನಮ್ಮ ತಂದೆಯವರ ಕಾಲದಿಂದಲೂ ಹಾಗೆಯೇ. ಡ್ರಮ್ಮಿನ ತಳದಲ್ಲಿ 2 ಲೀಟರ್ ದ್ರಾವಣ ಉಳಿದಿದ್ದರೆ ಅದರಲ್ಲಿ 5 ಗ್ರಾಂ ತಾಮ್ರ. ಮೆದು ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂನ ನೂರನೆಯ ಒಂದು ಭಾಗವೂ ಸೂಕ್ಷ್ಮ ಜಲಚರಗಳಿಗೆ ಹಾನಿ ಮಾಡಬಲ್ಲದು. ಆ 5 ಗ್ರಾಮನ್ನು ಆ ಮಟ್ಟಕ್ಕೆ ಇಳಿಸಲು 5 ಲಕ್ಷ ಲೀಟರ್ ನೀರು ಬೇಕು. ಇದು ಒಂದು ಡ್ರಮ್ಮಿನ ಮಾತು. ಒಂದೇ ಹಳ್ಳದ ಮೇಲೆ ಹತ್ತಾರು ತೋಟಗಳಿವೆ, ಹೊಳವಾದ ಅದೇ ಎರಡು ದಿನ ಎಲ್ಲರೂ ಹೊಡೆಯುತ್ತೇವೆ.

ಮಳೆಗಾಲದ ಪ್ರವಾಹ ಬೇಗ ಕೊಚ್ಚಿಕೊಂಡು ಹೋಗುತ್ತದೆ, ನಿಜ. ಆದರೆ ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ. ನನ್ನ ತೊಟ್ಟಿಯ ಮಣ್ಣಿನಲ್ಲಿ ಉಳಿದಂತೆ ಹಳ್ಳದ ಮಡುವಿನ ಕೆಸರಿನಲ್ಲೂ ಉಳಿಯುತ್ತದೆ.

ಇದರಿಂದ ಬೋರ್ಡೋ ಬೇಡವೆಂದು ನಾನು ಹೇಳಿದೆನೆಂದು ಯಾರೂ ತಿಳಿಯಬಾರದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಮೇಲೆ ಗ್ರಂಥ ಪ್ರಕಟಿಸಿದ್ದು 1910ರಲ್ಲಿ. ಈ ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಅವರ ಕೆಲಸದಿಂದಲೇ. ಅಂದಿನಿಂದ ಇಂದಿನವರೆಗೆ ಅದು ನಮ್ಮ ಅನ್ನ ಉಳಿಸಿದೆ. ಗೊನೆಗೆ ಹೋಗಬೇಕಾದ ಔಷಧಿ ಗೊನೆಗೇ ಹೋಗಲಿ, ಹಳ್ಳಕ್ಕೆ ಬೇಡ ಎಂಬುದಷ್ಟೇ ನನ್ನ ಮಾತು. ಕಾಫಿ ಪಲ್ಪರಿನ ನೀರಿಗೂ ಇದೇ ಮಾತು ಸಲ್ಲುತ್ತದೆ. ಅದರಲ್ಲಿ ತಾಮ್ರವಿಲ್ಲ, ಆದರೆ ಅದರ ಸಿಹಿಯಂಶ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಅದೂ ಹಳ್ಳ ಬಡಕಲಾದ ಡಿಸೆಂಬರ್-ಜನವರಿಯಲ್ಲಿ. ತೊಟ್ಟಿಯಲ್ಲಿ ತಿಂಡಿ ಹೆಚ್ಚಾಗಿ ಕೊಳೆತ ದಿನ ಮೀನು ಬಾಯಿ ಬಿಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸದಸ್ಯರ ಮುಂದೆ ಈ ಕೆಲವು ಸಲಹೆಗಳನ್ನು ಇಡುತ್ತೇನೆ. ಯಾವುದಕ್ಕೂ ಹೆಚ್ಚು ಖರ್ಚಿಲ್ಲ.

1. ಔಷಧಿಯ ಪೈಪು, ಬಕೀಟು, ಡ್ರಮ್ಮುಗಳಿಗೆ ಕೆಂಪು ಬಣ್ಣ ಬಳಿದು ಬೇರೆಯೇ ಇಡಿ. ಅವು ಮನೆಯ ನಲ್ಲಿಯ ಹತ್ತಿರ ಬರಬಾರದು.

2. ನಲ್ಲಿಯ ಪೈಪಿನ ತುದಿಯನ್ನು ದ್ರಾವಣದಲ್ಲಿ ಮುಳುಗಿಸಬೇಡಿ. ನೀರು ನಿಂತಾಗ ದ್ರಾವಣ ಪೈಪಿನೊಳಗೆ ಹಿಂದಕ್ಕೆ ಎಳೆದುಕೊಳ್ಳಬಹುದು.

3. ಡ್ರಮ್ಮು ತೊಳೆದ ಮೊದಲ ನೀರನ್ನು ಮುಂದಿನ ದ್ರಾವಣ ಕಲಸಲು ಬಳಸಿ. ಕೊನೆಯ ದಿನದ ನೀರನ್ನು ತೋಟದೊಳಗೆ, ಹಳ್ಳದಿಂದಲೂ ಬಾವಿಯಿಂದಲೂ ದೂರದಲ್ಲಿ, ಬೇರೆ ಬೇರೆ ಕಡೆ ಸ್ವಲ್ಪ ಸ್ವಲ್ಪವಾಗಿ ಚೆಲ್ಲಿ. ಒಂದೇ ಗುಂಡಿಗೆ ಸುರಿಯಬೇಡಿ.

4. ತೊಟ್ಟಿ ಇಡುವವರಿದ್ದರೆ, ಬೇಡವಾದ ಗಿಡವನ್ನಾಗಲಿ ಮೀನನ್ನಾಗಲಿ ಕೆರೆಗೆ ಬಿಡಬೇಡಿ. ಅಮೆರಿಕ ಖಂಡದಿಂದ ಬಂದ ಕಬೊಂಬ ಎಂಬ ಗಿಡ ಕೇರಳದ ನೀರಿನಲ್ಲಿ ಹಬ್ಬಿದೆ, ಗಾಜು ನೆಕ್ಕುವ ಸಕ್ಕರ್ ಮೀನು ಎಷ್ಟೋ ಕೆರೆಗಳಲ್ಲಿ ಸೇರಿಕೊಂಡಿದೆ.

5. ಹಳ್ಳದ ಮೀನನ್ನು ಹಿಡಿದು ತರುವುದೂ ಬೇಡ. ಕೆಂಪು ಗೆರೆಯ ಡೆನಿಸನ್ ಬಾರ್ಬ್ ಎಂಬ ಚೆಲುವಾದ ಮೀನು ಕೇರಳ ಮತ್ತು ನಮ್ಮ ದಕ್ಷಿಣ ಭಾಗದ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಈಗ ಅಳಿವಿನ ಅಂಚಿನ ಪಟ್ಟಿ ಸೇರಿದೆ. ಸಾಕಣೆಯಲ್ಲಿ ಮರಿ ಮಾಡಿದ ಮೀನುಗಳನ್ನಷ್ಟೇ ಕೊಳ್ಳಿ.

ನನ್ನ ತೊಟ್ಟಿ ಈಗ ಮತ್ತೆ ಹಸುರಾಗಿದೆ. ಕ್ರಿಪ್ಟೊಕೊರೈನ್ ಬುಡದಿಂದ ಹೊಸ ಮರಿಗಳು ಎದ್ದಿವೆ, ಕಳೆದ ವರ್ಷದ ಕೊನೆಗೆ ಸೀಗಡಿಗಳು ಮೊಟ್ಟೆ ಹೊತ್ತವು. ನೀರಿನಲ್ಲಿ ತಾಮ್ರ ಉಳಿದಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೊಂದು ಬೇಕಿಲ್ಲ. ಹಿಂದಿನವರು ಬಾವಿಗೆ ಮೀನು ಬಿಡುತ್ತಿದ್ದುದೂ ಇದಕ್ಕೇ ಇರಬೇಕು.

ಈ ಮಳೆಗಾಲದ ಮೊದಲ ಔಷಧಿ ಮುಗಿದ ಮೇಲೆ, ಡ್ರಮ್ಮು ತೊಳೆಯುವ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಗೆ ಇಡಬೇಕೆಂದಿದ್ದೇನೆ. ಹಳ್ಳದ ಮೇಲ್ಗಡೆಯವರು ಕೆಳಗಿನವರಿಗಾಗಿ ಏನು ಮಾಡಬಹುದು ಎಂಬುದನ್ನು ಒಟ್ಟಿಗೆ ಕುಳಿತು ತೀರ್ಮಾನಿಸೋಣ. ನಮ್ಮದು ಸಹಕಾರ ಸಂಘ, ನೀರಿನ ವಿಷಯದಲ್ಲಿ ಸಹಕಾರ ಬೇಡವೆನ್ನಲಾದೀತೇ? ಸಭೆಗೆ ಮೊದಲು ಯಾರಿಗಾದರೂ ತೊಟ್ಟಿ ನೋಡುವ ಮನಸ್ಸಿದ್ದರೆ ಸಂಜೆ ಐದರ ಮೇಲೆ ಮನೆಗೆ ಬರಬಹುದು. ಕಾಫಿ ಸಿಗುತ್ತದೆ. ಔಷಧಿ ಹೊಡೆದು ನೇರ ಬರುವವರು ಮಾತ್ರ ದಯವಿಟ್ಟು ಅಂಗಳದಲ್ಲಿ ಕೈ ತೊಳೆದೇ ಒಳಗೆ ಬರಬೇಕಾಗಿ ವಿನಂತಿ.

— ಕಾರ್ಯದರ್ಶಿ